ಕಾರಿನೊಳಗಿಂದಲೇ ಹೇಳಿದ ಕಥೆ: ಸೂಪರ್‌ನ್ಯಾಚುರಲ್‌ನ ‘ಬೇಬಿ’

ದೆವ್ವ, ರಾಕ್ಷಸರನ್ನು ಬೇಟೆಯಾಡುವ ಡೀನ್, ಸ್ಯಾಮ್ ಎಂಬ ಅಣ್ಣ ತಮ್ಮಂದಿರ ಕಥೆಯ ಅಮೆರಿಕನ್ ಟಿವಿ ಸರಣಿ ಸೂಪರ್‌ನ್ಯಾಚುರಲ್ 2005ರಿಂದ 2020ರವರೆಗೆ 15 ಸೀಸನ್ ಓಡಿತು. ಇಷ್ಟು ಉದ್ದದ ಸರಣಿಯಲ್ಲಿ ಕೊನೆಕೊನೆಗೆ ಹೊಸದೇನಿರುತ್ತೆ ಅಂತ ಯಾರಾದರೂ ಕೇಳಿದರೆ, 11ನೇ ಸೀಸನ್‌ನ 4ನೇ ಎಪಿಸೋಡ್ ನೋಡಿ ಅನ್ನುತ್ತೇನೆ. 2015ರದ್ದು, ಹೆಸರು ‘ಬೇಬಿ’.

ಬೇಬಿ ಅಂದ್ರೆ ಡೀನ್‌ನ ಕಪ್ಪು ಕಾರು, 1967ರ ಶೆವರ್ಲೆ ಇಂಪಾಲಾ. ಇಡೀ ಎಪಿಸೋಡ್‌ನಲ್ಲಿ ಕ್ಯಾಮೆರಾ ಆ ಕಾರನ್ನು ಬಿಟ್ಟು ಹೋಗುವುದೇ ಇಲ್ಲ. ಹೊರಗಿನ ಹೊಡೆದಾಟ ಗಾಜಿನ ಆಚೆ ಅರ್ಧಂಬರ್ಧ ಕಾಣುತ್ತೆ. ಪೂರ್ತಿ ತೋರಿಸಿದ್ದರೆ ಇಷ್ಟು ಭಯ ಆಗ್ತಿರಲಿಲ್ಲ.

ನಾನು ಕಲಬುರಗಿಯಿಂದ ಹುಮನಾಬಾದ್ ಮೇಲೆ ಬೀದರ್‌ಗೆ ಬಾಡಿಗೆ ಗಾಡಿ ಓಡಿಸುವವನು. ರಾತ್ರಿ ಹೊತ್ತು ಗಾಡಿಯಲ್ಲಿ ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಎದುರಿನವರ ಮುಖ ನೋಡಬೇಕಿಲ್ಲ, ರೋಡ್ ನೋಡಿದರೆ ಸಾಕು ಅಲ್ವಾ. ಅಣ್ಣ ತಮ್ಮ ಡೀನ್, ಸ್ಯಾಮ್ ಹಾಗೇ ಮಾತಾಡುತ್ತಾರೆ. ಅಮೆರಿಕದ ರಾಕ್ ಗಾಯಕ ಬಾಬ್ ಸೀಗರ್ ಹಾಡಿಗೆ ಜೋರಾಗಿ ದನಿಗೂಡಿಸುತ್ತಾರೆ. ಆಮೇಲೆ ತಮ್ಮ ಸ್ಯಾಮ್, ಅಪ್ಪ ಕನಸಲ್ಲಿ ಬಂದ ವಿಷಯ ಹೇಳಿಕೊಳ್ಳುತ್ತಾನೆ. ಡೀನ್ ಆಗಿ ಜೆನ್ಸನ್ ಆಕಲ್ಸ್, ಸ್ಯಾಮ್ ಆಗಿ ಜಾರೆಡ್ ಪಡಲೆಕಿ, ಇಬ್ಬರೂ ಎಷ್ಟೋ ವರ್ಷ ಒಟ್ಟಿಗೆ ನಟಿಸಿದವರು. ಆ ಸಲಿಗೆ ಮೊದಲ ಸೀಸನ್‌ನಲ್ಲಿ ಬರಲು ಸಾಧ್ಯವೇ ಇರಲಿಲ್ಲ.

ಆ ಸೀಸನ್‌ನ ದೊಡ್ಡ ಕಥೆ ನಡುವೆ ನುಗ್ಗುವುದು ನನಗೆ ಹಿಡಿಸಲಿಲ್ಲ. ಫೋನಿನಲ್ಲಿ ಬಂದು ಮಾತಾಡುವ, ಅವರ ಗೆಳೆಯನಾದ ದೇವದೂತ ಕ್ಯಾಸ್ಟಿಯಲ್ ಮಾತ್ರ ಚೆನ್ನ.

ಇಯರ್‌ಫೋನ್ ಹಾಕಿಕೊಂಡೇ ನೋಡಿ, ಆ ಇಂಜಿನ್ ಸದ್ದು ಹಾಗಿದೆ. ಕತ್ತರಿಸಿದ ತಲೆ, ರಕ್ತ ಎಲ್ಲ ಇದೆ. ಚಿಕ್ಕ ಮಕ್ಕಳ ಮುಂದೆ ಬೇಡ.