ಲ್ಯಾಂಗ್ವೇಜ್ ಸರ್ವರ್: ತಾನಾಗಿ ಶುರುವಾಗಬೇಕೇ, ಕರೆದಾಗ ಬರಬೇಕೇ?

ಲ್ಯಾಂಗ್ವೇಜ್ ಸರ್ವರ್ ಎಂದರೆ ಕೋಡಿನ ದೋಷ, ಸಲಹೆಗಳನ್ನು ಎಡಿಟರಿಗೆ ಒದಗಿಸುವ ಹಿನ್ನೆಲೆಯ ಪ್ರೋಗ್ರಾಮ್. ನಿಯೋವಿಮ್ ಎಡಿಟರಿನ 0.11ನೇ ಆವೃತ್ತಿಯಲ್ಲಿ ಸರ್ವರನ್ನು ಒಮ್ಮೆ ಎನೇಬಲ್ ಮಾಡಿದರೆ, ಆ ಭಾಷೆಯ ಕಡತ ತೆರೆದಾಗಲೆಲ್ಲ ಅದು ತಾನಾಗಿಯೇ ಶುರುವಾಗುತ್ತದೆ. ಇನ್ನೊಂದು ಎಡಿಟರಾದ ಇಮ್ಯಾಕ್ಸಿನಲ್ಲಿ 29ನೇ ಆವೃತ್ತಿಯಿಂದ ಜೊತೆಗೇ ಬರುವ, ಸರ್ವರಿನೊಡನೆ ಮಾತಾಡುವ ಎಗ್ಲಾಟ್, ಆಜ್ಞೆ ಕೊಡುವವರೆಗೆ ಸುಮ್ಮನಿರುತ್ತದೆ. ದಿನವಿಡೀ ಒಂದೇ ಪ್ರಾಜೆಕ್ಟಿನಲ್ಲಿರುವವರಿಗೆ ಮೊದಲನೆಯದು ಅನುಕೂಲ. ಆದರೆ ದೊಡ್ಡ ರಸ್ಟ್ ಪ್ರಾಜೆಕ್ಟಿನಲ್ಲಿ ಒಂದು ಅಕ್ಷರದೋಷ ತಿದ್ದಲು ಹೋದರೂ ಆ ಭಾಷೆಯ ಸರ್ವರಾದ ರಸ್ಟ್-ಅನಲೈಸರ್ ಎಲ್ಲ ಅವಲಂಬನೆಗಳನ್ನೂ (ಪ್ರಾಜೆಕ್ಟ್ ಬಳಸುವ ಹೊರಗಿನ ಲೈಬ್ರರಿಗಳನ್ನೂ) ಓದತೊಡಗಿ ಗಿಗಾಬೈಟ್ ಲೆಕ್ಕದಲ್ಲಿ ಮೆಮೊರಿ ನುಂಗುವುದುಂಟು. ಅಪರಿಚಿತರ ಕೋಡ್ ತೆರೆದಾಗ ಅದರ ಬಿಲ್ಡ್ ಸ್ಕ್ರಿಪ್ಟ್ (ಕೋಡನ್ನು ಕಟ್ಟುವಾಗ ಓಡುವ ಪ್ರೋಗ್ರಾಮ್) ಕೂಡ ಚಾಲನೆಗೊಳ್ಳಬಹುದು ಎಂಬುದು ಮೆಮೊರಿಗಿಂತ ಗಂಭೀರವಾದ ಮಾತು. ನಾನು ಸರ್ವರನ್ನು ತಾನಾಗಿ ಶುರುಮಾಡಿಸುವ ಎಗ್ಲಾಟ್-ಎನ್ಶೂರ್ ಅನ್ನು ಪೈಥಾನ್ ಮೋಡಿನ ಹುಕ್ಕಿಗೆ (ಪೈಥಾನ್ ಕಡತ ತೆರೆದಾಗ ಓಡುವ ಪಟ್ಟಿಗೆ) ಮಾತ್ರ ಸೇರಿಸಿ, ರಸ್ಟಿಗೆ ಕೈಯಾರೆ ಚಾಲನೆ ಕೊಡುತ್ತೇನೆ. ನಿಯೋವಿಮ್ ಬಿಡಲೊಲ್ಲದವರು ರೂಟ್ ಡೈರೆಕ್ಟರಿಯನ್ನು (ಪ್ರಾಜೆಕ್ಟಿನ ಮೂಲ ಫೋಲ್ಡರ್ ಯಾವುದೆಂದು ಹೇಳುವ ಸೆಟ್ಟಿಂಗನ್ನು) ಫಂಕ್ಷನ್ನಾಗಿ ಬರೆದು, ಬೇಡದ ಕಡೆ ಅದಕ್ಕೆ ಸಿಗುವ ಕಾಲ್‌ಬ್ಯಾಕನ್ನು (ಫೋಲ್ಡರನ್ನು ತಿಳಿಸಲು ಕರೆಯಬೇಕಾದ ಫಂಕ್ಷನ್ನನ್ನು) ಕರೆಯದೆ ಬಿಟ್ಟರೆ, ಆ ಬಫರಿನಲ್ಲಿ (ತೆರೆದ ಕಡತದಲ್ಲಿ) ಸರ್ವರ್ ಏಳುವುದಿಲ್ಲ.