ಒಂದೇ ಪುಸ್ತಕಪಟ್ಟಿ, ಮೂರು ಬಗೆಯ ಕ್ಲೌಡ್

ನಮ್ಮೂರಿನ ವಾಚನಾಲಯದ ಪುಸ್ತಕಪಟ್ಟಿಯನ್ನು ಅಂತರಜಾಲಕ್ಕೆ ಏರಿಸುವ ಹೊಣೆ ನನ್ನ ಪಾಲಿಗೆ ಬಂದಾಗ, ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ 2011ರಲ್ಲಿ ವಿವರಿಸಿದ, ಕ್ಲೌಡ್‌ನ (ಅಂತರಜಾಲದ ಮೂಲಕ ಬಾಡಿಗೆಗೆ ಸಿಗುವ ಕಂಪ್ಯೂಟರ್ ಸೌಲಭ್ಯದ) ಮೂರು ಸೇವಾ ಮಾದರಿಗಳನ್ನೂ, ಅಂದರೆ ಇನ್‌ಫ್ರಾಸ್ಟ್ರಕ್ಚರ್, ಪ್ಲಾಟ್‌ಫಾರ್ಮ್ ಮತ್ತು ಸಾಫ್ಟ್‌ವೇರ್ ಸೇವೆಗಳನ್ನು, ಅದೇ ಪಟ್ಟಿಯನ್ನಿಟ್ಟುಕೊಂಡು ಒಂದಾದ ಮೇಲೊಂದರಂತೆ ಬಳಸಿ ನೋಡಿದೆ.

ಮೊದಲನೆಯದಾದ ಇನ್‌ಫ್ರಾಸ್ಟ್ರಕ್ಚರ್ ಸೇವೆಯೆಂದರೆ ಬಾಡಿಗೆಯ ವರ್ಚುವಲ್ ಸರ್ವರ್, ಅಂದರೆ ದೊಡ್ಡ ಯಂತ್ರವೊಂದರೊಳಗೆ ಸಾಫ್ಟ್‌ವೇರ್ ರೂಪಿಸಿಕೊಡುವ ಪ್ರತ್ಯೇಕ ಕಂಪ್ಯೂಟರ್. ಅಮೆಜಾನ್ 2006ರಲ್ಲಿ ಇಸಿ2 ಎಂಬ ಹೆಸರಿನಲ್ಲಿ ತಂದದ್ದು ಈ ಬಗೆಯ ಸೇವೆಯನ್ನೇ. ಕಟ್ಟಡ, ವಿದ್ಯುತ್ತು, ಯಂತ್ರಗಳು ಕಂಪನಿಯ ಹೊಣೆ. ಆಪರೇಟಿಂಗ್ ಸಿಸ್ಟಮ್‌ನಿಂದ ಮೇಲಿನದೆಲ್ಲ ನಮ್ಮದು. ಈ ಸ್ವಾತಂತ್ರ್ಯ ಎಷ್ಟು ದೊಡ್ಡದೆಂಬುದು ನನಗೆ ಮನವರಿಕೆಯಾದದ್ದು ಅಕಾರಾದಿ ಜೋಡಣೆಯಲ್ಲಿ. ಕಂಪ್ಯೂಟರ್ ಅಕ್ಷರಗಳಿಗೆ ಬಳಸುವ ಯೂನಿಕೋಡ್ ಸಂಕೇತಗಳ ಸಾಲಿನಲ್ಲಿ ಳಕಾರವು ವಕಾರಕ್ಕಿಂತ ಮೊದಲೇ ಕುಳಿತಿದೆ; ನಮ್ಮ ವರ್ಣಮಾಲೆಯಲ್ಲಾದರೋ ಅದರ ಸ್ಥಾನ ಹಕಾರದ ನಂತರ. ಆದ್ದರಿಂದ ಬರಿಯ ಸಂಕೇತಕ್ರಮದಲ್ಲಿ ಜೋಡಿಸಿದ ಪಟ್ಟಿಯಲ್ಲಿ ‘ಕವನ’ಕ್ಕಿಂತ ಮುಂಚೆ ‘ಕಳಸ’ ಬಂದುಬಿಡುತ್ತದೆ. ನಿಘಂಟು ನೋಡಿ ಅಭ್ಯಾಸವಿರುವ ಓದುಗರಿಗೆ ಇದು ಸಣ್ಣ ತೊಡಕಲ್ಲ. ಸರ್ವರ್ ಪೂರ್ತಿ ನನ್ನ ಕೈಯಲ್ಲಿದ್ದುದರಿಂದ, ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಐಸಿಯು ಎಂಬ ಭಾಷಾ ತಂತ್ರಾಂಶ ಸಂಗ್ರಹದ ಕನ್ನಡ ಜೋಡಣಾಕ್ರಮವನ್ನು ಹೊಂದಿಸಿ ಸರಿಪಡಿಸಿದೆ. ಆದರೆ ಭದ್ರತಾ ಅಪ್‌ಡೇಟ್, ಬ್ಯಾಕಪ್ ಎಲ್ಲವೂ ನನ್ನ ಮೇಲೆಯೇ ಬಿದ್ದವು. ಒಂದು ರಾತ್ರಿ, ಸರ್ವರ್ ತನ್ನ ಚಟುವಟಿಕೆಗಳನ್ನು ದಾಖಲಿಸುವ ಲಾಗ್ ಕಡತಗಳು ಡಿಸ್ಕ್ ತುಂಬಿ, ಬೆಳಗಾಗುವಷ್ಟರಲ್ಲಿ ತಾಣವೇ ನಿಂತಿತ್ತು. ಯಾರೂ ಬಾರದ ಹೊತ್ತಿಗೂ ಬಾಡಿಗೆ ಕೊಡಬೇಕಾಗಿದ್ದುದು ಬೇರೆ.

ಗೂಗಲ್ 2008ರಲ್ಲಿ ಆ್ಯಪ್ ಇಂಜಿನ್ ಮೂಲಕ ಪರಿಚಯಿಸಿದಂಥ ಪ್ಲಾಟ್‌ಫಾರ್ಮ್ ಸೇವೆಯಲ್ಲಿ ನಾವು ಒಪ್ಪಿಸುವುದು ಕೋಡ್ ಮಾತ್ರ; ಸರ್ವರ್ ಉಸ್ತುವಾರಿ ಕಂಪನಿಯದೇ. ನಾನು ಬಳಸಿದ ಸೇವೆಯಲ್ಲಿ ಡಿಸ್ಕ್ ತಾತ್ಕಾಲಿಕವೆಂಬುದನ್ನು ಗಮನಿಸದೆ ಮುಖಪುಟಗಳ ಚಿತ್ರಗಳನ್ನು ಅಲ್ಲೇ ಇಟ್ಟಿದ್ದರಿಂದ, ಮರುಚಾಲನೆಯಾದಾಗ ಅವೆಲ್ಲ ಅಳಿಸಿಹೋದವು. ಆಮೇಲೆ ಅವನ್ನು ಮತ್ತೆ ಏರಿಸುವಾಗ, ಕಡತಗಳನ್ನು ಉಳಿಸಿಡುವ ಪ್ರತ್ಯೇಕ ಸೇವೆಯಾದ ಆಬ್ಜೆಕ್ಟ್ ಸ್ಟೋರೇಜ್‌ನಲ್ಲಿ ಇಟ್ಟೆ. ಯಾರೂ ಬಾರದಿದ್ದಾಗ ಸೇವೆ ತಾಣವನ್ನು ನಿಲ್ಲಿಸಿಡುವುದರಿಂದ, ಬಹಳ ಹೊತ್ತಿನ ಮೇಲೆ ಬರುವ ಮೊದಲ ಓದುಗ ಕೆಲವು ಕ್ಷಣ ಕಾಯಬೇಕಾಗುತ್ತದೆ. ಇಷ್ಟಾದರೂ ಅಲ್ಲಿಯ ಡೇಟಾಬೇಸ್ ಸೇವೆಯಲ್ಲಿ ಕನ್ನಡದ ಜೋಡಣಾಕ್ರಮ ಸಿಕ್ಕಿತು, ರಾತ್ರಿಯ ಕಾವಲು ತಪ್ಪಿತು.

ಸಿದ್ಧ ಸಾಫ್ಟ್‌ವೇರ್ ಸೇವೆಯನ್ನು ನಮ್ಮ ಗ್ರಂಥಪಾಲಕಿಯವರು ಒಂದೇ ಮಧ್ಯಾಹ್ನದಲ್ಲಿ ಕಲಿತರು. ಆದರೆ ಳಕಾರವನ್ನು ಅದರ ಸ್ಥಾನಕ್ಕೆ ತರುವ ಅವಕಾಶ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಕೋಡ್ ಬರೆಯುವವರು ಯಾರೂ ಇಲ್ಲದ ವಾಚನಾಲಯಕ್ಕೆ ನಾನು ಇದನ್ನೇ ಸೂಚಿಸುತ್ತೇನೆ. ಪಟ್ಟಿಯನ್ನು ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯ) ಕಡತವಾಗಿ ಹಿಂಪಡೆಯಬಹುದೇ ಎಂಬುದನ್ನು ಮಾತ್ರ ಮೊದಲೇ ಪರೀಕ್ಷಿಸಿಕೊಳ್ಳಬೇಕು.

ನಾವು ಪ್ಲಾಟ್‌ಫಾರ್ಮ್ ಸೇವೆಯಲ್ಲೇ ಉಳಿದಿದ್ದೇವೆ. ಗ್ರಂಥಪಾಲಕಿಯವರು ಹೊಸ ಪುಸ್ತಕಗಳನ್ನು ತಾವೇ ಸೇರಿಸಲೆಂದು, ಆ ಸಿದ್ಧ ಸೇವೆಯಲ್ಲಿ ಅವರಿಗೆ ರೂಢಿಯಾಗಿದ್ದಂಥದೇ ಒಂದು ಫಾರ್ಮ್ ಬರೆದುಕೊಟ್ಟಿದ್ದೇನೆ.