ಎನ್‌ಐಸಿಯು ತಾಯಂದಿರಿಗಾಗಿ ಸಮಸ್ಯೆ ಬಿಡಿಸುವ ತರಬೇತಿ: ಯಾವಾಗ ನೆರವಾಗುತ್ತದೆ, ಎಲ್ಲಿ ಕೈಕೊಡುತ್ತದೆ

ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು, ಹುಟ್ಟಿದ ಕೂಡಲೇ ಉಸಿರಾಟದ ತೊಂದರೆಗೋ ಸೋಂಕಿಗೋ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸೇರಿದ ಮಗು. ಇಂಥ ಮಕ್ಕಳ ತಾಯಂದಿರನ್ನು ಖಿನ್ನತೆ ಉಳಿದ ಬಾಣಂತಿಯರಿಗಿಂತ ಹೆಚ್ಚಾಗಿ ಕಾಡುತ್ತದೆ. ಅದು ಬರಲಿ, ಆಮೇಲೆ ನೋಡೋಣ ಎಂದು ಕಾಯದೆ ಮೊದಲೇ ತಡೆಯಲು ರೂಪಿಸಿದ ಸೇವೆಗಳಲ್ಲಿ ಸಮಸ್ಯೆ ಬಿಡಿಸುವ ತರಬೇತಿಯೂ ಒಂದು. ತರಬೇತಿ ಪಡೆದ ನರ್ಸ್ ಅಥವಾ ಸಮಾಜ ಕಾರ್ಯಕರ್ತೆ ತಾಯಿಯೊಬ್ಬಳ ಜೊತೆಗೇ ಕೂತು ನಡೆಸುವ ನಾಲ್ಕರಿಂದ ಆರು ಭೇಟಿಗಳಷ್ಟೇ ಇದರಲ್ಲಿರುವುದು. ಮನೋವೈದ್ಯರೇ ಬೇಕೆಂದಿಲ್ಲ, ಔಷಧಿಯೂ ಇಲ್ಲ. ನಮ್ಮ ಅಭಿಪ್ರಾಯ ಇಷ್ಟು: ಭೇಟಿ ಮಗುವಿನ ಹಾಸಿಗೆಯ ಪಕ್ಕದಲ್ಲೇ ಶುರುವಾಗಿ ಡಿಸ್ಚಾರ್ಜ್ ಆದಮೇಲೂ ಮುಂದುವರಿದರೆ ಇದು ಒಳ್ಳೆಯ ಸೇವೆ. ಇವೆರಡರಲ್ಲಿ ಒಂದು ತಪ್ಪಿದರೂ ಉಳಿಯುವುದು ಭರ್ತಿ ಮಾಡಿದ ಕಾಗದ ಮಾತ್ರ.

ಕೆಲಸವೆಲ್ಲ ನಡೆಯುವುದು ಒಂದು ಹಾಳೆಯ ಮೇಲೆ. ಸಮಸ್ಯೆ ಏನು, ಗುರಿ ಏನು, ಯಾವ್ಯಾವ ದಾರಿಗಳಿವೆ, ಒಂದೊಂದರ ಲಾಭ ನಷ್ಟ ಏನು, ಯಾವುದನ್ನು ಆರಿಸಿದ್ದು, ಯಾರು ಯಾವಾಗ ಏನು ಮಾಡುವುದು, ಮಾಡಿದ ಮೇಲೆ ಏನಾಯಿತು. ಈ ಏಳರಲ್ಲಿ ಹೆಚ್ಚು ಹೊತ್ತು ಹಿಡಿಯಬೇಕಾದದ್ದು ಮೊದಲನೆಯದು. ಹೆಚ್ಚಿನವರು ಅವಸರ ಮಾಡುವುದೂ ಅಲ್ಲೇ. "ಮಗುವಿನ ವಿಷಯ ಯಾರೂ ಸರಿಯಾಗಿ ಹೇಳುವುದಿಲ್ಲ" ಎಂದು ಬರೆದರೆ ಅದು ನೋವು ಹೌದು, ಆದರೆ ಬಿಡಿಸಲು ಬರುವ ಸಮಸ್ಯೆಯಲ್ಲ. ಇನ್ನೆರಡು ಪ್ರಶ್ನೆ ಕೇಳಿದರೆ ಅದೇ ಮಾತು ಹೀಗೆ ಬಿಚ್ಚಿಕೊಳ್ಳುತ್ತದೆ: "ಡಾಕ್ಟರು ರೌಂಡ್ಸ್‌ಗೆ ಬರುವ ಹೊತ್ತಿಗೆ ನಾನು ಹಾಲು ಹಿಂಡುವ ಕೋಣೆಯಲ್ಲಿರುತ್ತೇನೆ." ಈಗ ಹಿಡಿದುಕೊಳ್ಳಲು ಒಂದು ತುದಿ ಸಿಕ್ಕಿತು. ನಾಳೆ ಸಂಜೆಯೊಳಗೆ ಡಾಕ್ಟರ ಜೊತೆ ಹತ್ತು ನಿಮಿಷ ಮಾತು, ಮೂರು ಪ್ರಶ್ನೆಗೆ ಉತ್ತರ ಎಂಬುದು ಗುರಿ. ಹಿಂಡುವ ಹೊತ್ತನ್ನು ಅರ್ಧ ಗಂಟೆ ಹಿಂದೆ ಮುಂದೆ ಮಾಡಬಹುದು, ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ನರ್ಸ್ ಕೈಗೆ ಕೊಡಬಹುದು, ಗಂಡನನ್ನು ರೌಂಡ್ಸ್‌ಗೆ ನಿಲ್ಲಿಸಬಹುದು. ಯಾವುದು ಆಗುತ್ತದೆ ಎಂದು ಆರಿಸುವವಳು ತಾಯಿ.

ಆಯ್ಕೆ ಅವಳದೇ ಆಗಬೇಕು ಎಂದು ನಾವು ಹಟ ಹಿಡಿಯುವುದಕ್ಕೆ ಕಾರಣವಿದೆ. ಎನ್‌ಐಸಿಯುನಲ್ಲಿ ಮಗುವನ್ನು ಮುಟ್ಟುವುದಕ್ಕೂ ತಾಯಿ ಅನುಮತಿ ಕೇಳಬೇಕಾಗುತ್ತದೆ. ಹಾಲು ಎಷ್ಟು, ಯಾವಾಗ, ಯಾವ ನಳಿಕೆಯಲ್ಲಿ ಎಂಬುದನ್ನೆಲ್ಲ ಬೇರೆಯವರು ತೀರ್ಮಾನಿಸುತ್ತಾರೆ. 'ನನ್ನ ಕೈಯಲ್ಲಿ ಏನೂ ಇಲ್ಲ' ಎಂಬ ಭಾವ ದಿನದಿನಕ್ಕೂ ಗಟ್ಟಿಯಾಗುವುದು ಇಲ್ಲೇ. ಈ ತರಬೇತಿ ಪೆಟ್ಟು ಕೊಡಬೇಕಾದದ್ದು ಆ ಭಾವಕ್ಕೆ. ನೆರವಿಗೆ ಬಂದವರೇ "ಹೀಗೆ ಮಾಡಿ" ಎಂದು ಹೇಳಿಬಿಟ್ಟರೆ ಆಜ್ಞೆ ಕೊಡುವವರ ಸಾಲಿಗೆ ಇನ್ನೊಬ್ಬರು ಸೇರಿದಂತೆ. ಸಲಹೆ ಒಳ್ಳೆಯದೇ ಇರಬಹುದು, ತರಬೇತಿ ಮಾತ್ರ ಕೆಟ್ಟಿತು.

ಹಾಲು ಮತ್ತು ನಿದ್ದೆಯ ತಿಕ್ಕಾಟ ಪ್ರತಿ ಹಾಳೆಯಲ್ಲೂ ಬಂದೇ ಬರುತ್ತದೆ. ಮೊದಲ ವಾರಗಳಲ್ಲಿ 24 ಗಂಟೆಯಲ್ಲಿ ಸುಮಾರು 8 ಬಾರಿ ಹಾಲು ಹಿಂಡಿ ತೆಗೆಯಿರಿ ಎಂಬ ಸೂಚನೆ ಇರುತ್ತದೆ. ಅದನ್ನು ಮೂರು ಗಂಟೆಗೊಮ್ಮೆ ಎಂದು ಗಡಿಯಾರಕ್ಕೆ ಕಟ್ಟಿಕೊಂಡವಳಿಗೆ ಒಟ್ಟಿಗೆ ಎರಡೂವರೆ ಗಂಟೆಯ ನಿದ್ದೆಯೂ ಸಿಗುವುದಿಲ್ಲ, ಏಕೆಂದರೆ ಹಿಂಡುವುದು, ಪಂಪಿನ ಭಾಗಗಳನ್ನು ತೊಳೆಯುವುದು, ಹಾಲಿಗೆ ಚೀಟಿ ಅಂಟಿಸುವುದು ಎಲ್ಲ ಸೇರಿ ಒಂದು ಗಂಟೆ ಹೋಗುತ್ತದೆ. ಹಗಲಿನ ಸರದಿಗಳನ್ನು ಹತ್ತಿರ ತಂದು ರಾತ್ರಿ ಒಂದು ಅಂತರವನ್ನು ಮಾತ್ರ ಉದ್ದ ಮಾಡಬಹುದೇ ಎಂದು ಹಾಲೂಡಿಕೆ ಸಲಹೆಗಾರರನ್ನು ಕೇಳುವುದು, ತೊಳೆಯುವ ಕೆಲಸವನ್ನು ಇನ್ನೊಬ್ಬರಿಗೆ ದಾಟಿಸುವುದು, ಇವು ಹಾಳೆಯ ಮೇಲೆ ಬರಬೇಕಾದ ದಾರಿಗಳು. ಬರೀ "ವಿಶ್ರಾಂತಿ ತಗೊಳ್ಳಿ" ಎಂದು ಬರೆದ ಹಾಳೆಯನ್ನು ಹರಿದು ಹೊಸದು ಶುರುಮಾಡುವುದೇ ಮೇಲು.

ಇದಕ್ಕೆ ಆಧಾರವೇನು? 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಹೆಡ್ ಸ್ಟಾರ್ಟ್ ಎಂಬ, ಕಡಿಮೆ ಆದಾಯದ ಕುಟುಂಬಗಳ ಪುಟ್ಟ ಮಕ್ಕಳ ಯೋಜನೆಗೆ ಬರುತ್ತಿದ್ದ ಮಕ್ಕಳ ತಾಯಂದಿರಿಗೆ ಈ ತರಬೇತಿ ಕೊಟ್ಟರು. ಖಿನ್ನತೆಯ ಲಕ್ಷಣಗಳು ಏರುವುದು ಕಡಿಮೆಯಾಯಿತು. ಶುರುವಿನಲ್ಲಿ ಲಕ್ಷಣ ಕಡಿಮೆ ಇದ್ದವರಿಗೇ ಹೆಚ್ಚು ಲಾಭವಾದದ್ದು ನಮಗೆ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ತಡೆಯುವ ಸೇವೆಯಿಂದ ನಿರೀಕ್ಷಿಸುವುದೂ ಅದನ್ನೇ. ಆದರೆ ಆ ತಾಯಂದಿರು ಎನ್‌ಐಸಿಯುನವರಲ್ಲ ಎಂಬುದನ್ನು ನೆನಪಿಡಬೇಕು. ಎನ್‌ಐಸಿಯುಗೆಂದೇ ರೂಪಿಸಿದ ಕೋಪ್ ಎಂಬ ಕಾರ್ಯಕ್ರಮ ಬೇರೆ ಇದೆ. ಮಗುವಿನ ವರ್ತನೆ ಹೇಗಿರುತ್ತದೆ, ತಾಯ್ತಂದೆ ಏನು ಮಾಡಬಹುದು ಎಂಬುದನ್ನು ಅದು ಧ್ವನಿಮುದ್ರಣ ಮತ್ತು ಬರಹದ ಮೂಲಕ ನಾಲ್ಕು ಹಂತದಲ್ಲಿ ಕಲಿಸುತ್ತದೆ. ಮೊದಲ ಹಂತ ಮಗು ದಾಖಲಾದ ಕೆಲವೇ ದಿನಗಳಲ್ಲಿ, ಕೊನೆಯದು ಮನೆಗೆ ಹೋದ ಸುಮಾರು ಒಂದು ವಾರಕ್ಕೆ. 2006ರ ಅಧ್ಯಯನದಲ್ಲಿ ತಾಯಂದಿರ ಖಿನ್ನತೆ, ಆತಂಕ ತಗ್ಗಿದ್ದಲ್ಲದೆ ಮಕ್ಕಳು ಎನ್‌ಐಸಿಯುನಿಂದ ಸುಮಾರು ನಾಲ್ಕು ದಿನ ಮೊದಲೇ ಹೊರಬಂದರು. ಎರಡೂ ಸಿಗುವ ಕಡೆ ಮೊದಲ ವಾರ ಕೋಪ್ ಶುರು, ಆಮೇಲೆ ಅದರ ಜೊತೆಗೇ ಸಮಸ್ಯೆ ಬಿಡಿಸುವ ತರಬೇತಿ ಎಂಬ ಕ್ರಮ ನಮಗೆ ಸರಿ ಎನಿಸುತ್ತದೆ. ಮಗುವನ್ನು ಎದೆಗವಚಿಕೊಳ್ಳುವ ಕಾಂಗರೂ ಆರೈಕೆಗೆ ಇವು ಬದಲಿಯಲ್ಲ. ಅದು ಜೊತೆಗೆ ನಡೆಯುತ್ತಲೇ ಇರಬೇಕು.

ಸೇವೆಯ ಜೊತೆಗೆ ಬರುವ, ಬಾಣಂತಿಯರಲ್ಲಿ ಖಿನ್ನತೆಯ ಸುಳಿವು ಹುಡುಕುವ ಎಡಿನ್‌ಬರೋ ಪ್ರಶ್ನಾವಳಿಯ ಬಗ್ಗೆಯೂ ಹೇಳಬೇಕು. 1987ರಿಂದ ಬಳಕೆಯಲ್ಲಿರುವ ಇದು ಕನ್ನಡದಲ್ಲೂ ಇದೆ. ಕಳೆದ 7 ದಿನಗಳ ಬಗ್ಗೆ 10 ಪ್ರಶ್ನೆ, ಪ್ರತಿಯೊಂದಕ್ಕೆ 0ಯಿಂದ 3, ಒಟ್ಟು 30 ಅಂಕ. ಕೆಲವು ಕಡೆ 10, ಕೆಲವು ಕಡೆ 13 ಗಡಿ; ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದಿನ ಪರೀಕ್ಷೆ ಬೇಕು. ಇದೇ ರೋಗನಿರ್ಣಯ ಅಲ್ಲ. ಎಣಿಕೆಯಲ್ಲಿ ಆಗುವ ತಪ್ಪು ಹೆಚ್ಚಾಗಿ ಒಂದೇ: 1, 2 ಮತ್ತು 4ನೇ ಪ್ರಶ್ನೆಗಳಲ್ಲಿ ಅಂಕ ಮೇಲಿನ ಉತ್ತರದಿಂದ 0, 1, 2, 3 ಎಂದು ಏರುತ್ತದೆ, ಉಳಿದ ಏಳರಲ್ಲಿ 3ರಿಂದ ಇಳಿಯುತ್ತದೆ. ಇದನ್ನು ಮರೆತರೆ ಒಟ್ಟು ಅಂಕಕ್ಕೆ ಅರ್ಥವೇ ಇರುವುದಿಲ್ಲ. 10ನೇ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಒಟ್ಟು ಎಷ್ಟೇ ಕಡಿಮೆ ಇರಲಿ, ಅಲ್ಲಿ 0 ಬಿಟ್ಟು ಬೇರೇನೇ ಬಂದರೂ ಅದೇ ದಿನ, ಅವಳನ್ನು ಒಂಟಿಯಾಗಿ ಬಿಡದೆ, ವೈದ್ಯರು ಮಾತಾಡಲೇಬೇಕು. ಮನೆಯವರು ಪಕ್ಕದಲ್ಲಿ ಕೂತಿರುವಾಗ ಭರ್ತಿ ಮಾಡಿಸಿದ ಪ್ರಶ್ನಾವಳಿಯನ್ನು ನಂಬಬೇಡಿ. ಒಮ್ಮೆ ಮಾಡಿ ಮುಗಿಸುವುದೂ ಸಾಲದು. ಹೆರಿಗೆಯ ಮೊದಲ ಎರಡು ವಾರದ ಅಳು, ಚಡಪಡಿಕೆ ಹೆಚ್ಚಿನವರಲ್ಲಿ ತಾನಾಗಿ ತಗ್ಗುತ್ತದೆ. ಮಗು ಮನೆಗೆ ಬಂದು, ಮಾನಿಟರಿನ ಸದ್ದೂ ನರ್ಸೂ ಇಲ್ಲದ ರಾತ್ರಿಗಳು ಶುರುವಾದಾಗ ಕುಸಿಯುವವರೂ ಇದ್ದಾರೆ. ಮಗುವಿನ 1, 2, 4 ಮತ್ತು 6ನೇ ತಿಂಗಳ ತಪಾಸಣೆಯಲ್ಲಿ ತಾಯಿಗೂ ಈ ಪ್ರಶ್ನೆಗಳನ್ನು ಕೇಳಿದರೆ ಅವರು ಕಣ್ಣಿಗೆ ಬೀಳುತ್ತಾರೆ.

ಸೇವೆಯ ದೊಡ್ಡ ಕೊರತೆ ಹಾಳೆಯಲ್ಲಿಲ್ಲ, ವ್ಯವಸ್ಥೆಯಲ್ಲಿದೆ. ಎನ್‌ಐಸಿಯುನಲ್ಲಿ ಕಡತ ಇರುವುದು ಮಗುವಿಗೆ. ತಾಯಿ ಹೆರಿಗೆ ವಿಭಾಗದಿಂದ ಬಿಡುಗಡೆಯಾಗಿರುತ್ತಾಳೆ, ಅವಳೀಗ ಯಾರ ರೋಗಿಯೂ ಅಲ್ಲ. ಅಂಕ 16 ಬಂದರೆ ಅದನ್ನು ಯಾರಿಗೆ ತಿಳಿಸಬೇಕೆಂಬುದು ಮೊದಲೇ ಗೊತ್ತಾಗಿರದಿದ್ದರೆ ಪ್ರಶ್ನಾವಳಿ ಮೇಜಿನ ಮೇಲೇ ಉಳಿಯುತ್ತದೆ. ಇನ್ನೊಂದು, ಮಗುವಿನ ಮಿದುಳಿನ ರಕ್ತಸ್ರಾವ, ಬರಲಿರುವ ಶಸ್ತ್ರಚಿಕಿತ್ಸೆ ಇಂಥವು ತಾಯಿ ಬಿಡಿಸಬಹುದಾದ ಸಮಸ್ಯೆಗಳಲ್ಲ. ಅವನ್ನೂ ಏಳು ಹಂತಕ್ಕೆ ತುರುಕಲು ಹೋದರೆ ಅವಳು ಮುಂದಿನ ಭೇಟಿಗೆ ಬರುವುದಿಲ್ಲ. ಆ ದಿನ ಹಾಳೆ ಮಡಚಿಟ್ಟು ಅವಳ ಮಾತು ಕೇಳಬೇಕು.

ಈಗಾಗಲೇ ಖಿನ್ನತೆ ತೀವ್ರವಾಗಿರುವವರಿಗೆ, ಹೆರಿಗೆಯ ದೃಶ್ಯ ಮತ್ತೆ ಮತ್ತೆ ಕಣ್ಣೆದುರು ಬಂದು ಬೆಚ್ಚಿಬೀಳುವವರಿಗೆ ಇದೊಂದೇ ಸಾಲದು, ಚಿಕಿತ್ಸೆ ಬೇಕು. ಇಲ್ಲದ ದನಿ ಕೇಳುವುದು, ನಿದ್ದೆಯೇ ಬೇಡವೆನಿಸುವುದು, ವಿಚಿತ್ರ ನಂಬಿಕೆಗಳು ಕಂಡರೆ ಅದು ತುರ್ತುಸ್ಥಿತಿ. ಎದೆಹಾಲು ಕೊಡುತ್ತಿದ್ದೇನೆ ಎಂಬ ಕಾರಣಕ್ಕೆ ಔಷಧಿ ಬೇಡವೆನ್ನುವ ಮೊದಲು ವೈದ್ಯರನ್ನು ಕೇಳಿ. ಸರ್ಟ್ರಲಿನ್‌ನಂಥ ಖಿನ್ನತೆಯ ಔಷಧಿ ಹಾಲಿಗೆ ಸೇರುವುದು ತೀರಾ ಕಡಿಮೆ.

ಸೇವೆಗೆ ಒಪ್ಪುವ ಮುನ್ನ ಆಸ್ಪತ್ರೆಯವರನ್ನು ಇವನ್ನು ಕೇಳಿಕೊಳ್ಳಿ: ಎಲ್ಲ ಭೇಟಿಗೂ ಅದೇ ವ್ಯಕ್ತಿ ಬರುತ್ತಾರೆಯೇ, ಮಗುವಿನ ಸ್ಥಿತಿ ಹದಗೆಟ್ಟ ದಿನದ ಭೇಟಿ ಮುಂದೂಡಿಕೆಯಾಗುತ್ತದೆಯೇ ಇಲ್ಲವೇ ರದ್ದೇ, ಡಿಸ್ಚಾರ್ಜ್ ಆದ ಮೇಲೆ ಫೋನ್ ಮಾಡುವವರು ಯಾರು, ಅಂಕ ಹೆಚ್ಚು ಬಂದರೆ ಯಾವ ವೈದ್ಯರ ಬಳಿ ಎಷ್ಟು ದಿನದೊಳಗೆ ಕಳಿಸುತ್ತೀರಿ. ಕೊನೆಯ ಪ್ರಶ್ನೆಗೆ ವೈದ್ಯರ ಹೆಸರು ಸಿಗುವವರೆಗೆ ಬಿಡಬೇಡಿ.